ಬೆದೊನೊ: ಸೆಮರಾಂಗ್ ಮಗ್ಗುಲಿನ ಕಡಲಂಚಿನ ಊರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಡೊನೇಷ್ಯಾದ ಜಾವಾ ದ್ವೀಪದ ಉತ್ತರ ಕರಾವಳಿಯಲ್ಲಿ ವರ್ಷದಿಂದ ವರ್ಷಕ್ಕೆ ನೆಲ ಕಳೆದುಕೊಳ್ಳುತ್ತಿರುವ ಬೆದೊನೊ ಎಂಬ ಹಳ್ಳಿಯ ಕುರಿತ ಪ್ರಶ್ನೋತ್ತರಗಳಿವು. ಪತ್ರಿಕೆಗಳಲ್ಲಿ ಈ ಊರಿನ ಚಿತ್ರ ಅಚ್ಚಾದಾಗಲೆಲ್ಲ ಕೆಳಗೆ ‘ಹವಾಮಾನ ಬದಲಾವಣೆಯಿಂದ ಮುಳುಗಿದ ಹಳ್ಳಿ’ ಎಂಬ ಒಂದೇ ಸಾಲಿನ ವಿವರಣೆ ಇರುತ್ತದೆ. ಆ ಸಾಲು ಪೂರ್ತಿ ಸುಳ್ಳಲ್ಲ. ಆದರೆ ದೊಡ್ಡ ಕಾರಣವನ್ನು ಬಿಟ್ಟು ಚಿಕ್ಕ ಕಾರಣವನ್ನು ಮಾತ್ರ ಹೇಳುತ್ತದೆ. ಅದಕ್ಕಾಗಿಯೇ ಇಲ್ಲಿ ಕೆಲವು ಉತ್ತರಗಳು ಉದ್ದವಾಗಿವೆ.

ಬೆದೊನೊ ಎಲ್ಲಿದೆ?

ಮಧ್ಯ ಜಾವಾ ಪ್ರಾಂತ್ಯದ ರಾಜಧಾನಿ ಸೆಮರಾಂಗ್ 16 ಲಕ್ಷಕ್ಕೂ ಹೆಚ್ಚು ಜನರಿರುವ ಬಂದರು ನಗರ. ಅದರ ಪೂರ್ವದ ಅಂಚಿಗೆ ತಾಗಿಕೊಂಡಿರುವುದು ದೆಮಾಕ್ ಜಿಲ್ಲೆ. ಆ ಜಿಲ್ಲೆಯ ಸಯುಂಗ್ ತಾಲ್ಲೂಕಿನ ಕಡಲ ಬದಿಯ ಹಳ್ಳಿಗಳಲ್ಲಿ ಬೆದೊನೊ ಒಂದು. ನಮ್ಮ ಗ್ರಾಮ ಪಂಚಾಯಿತಿಯಂತೆ ಅದು ಹಲವು ಮಜರೆಗಳ ಗುಂಪು. ಮೊರೊಸಾರಿ, ಮೊಂದೊಲಿಕೊ, ತಂಬಾಕ್‌ಸಾರಿ, ರೆಜೊಸಾರಿ ಸೆನಿಕ್ ಮುಂತಾದವು ಆ ಮಜರೆಗಳ ಹೆಸರುಗಳು. ಪಕ್ಕದಲ್ಲೇ ತಿಂಬುಲ್‌ಸ್ಲೊಕೊ ಎಂಬ ಇನ್ನೊಂದು ಹಳ್ಳಿ ಇದೆ. ಎರಡರ ಕಥೆಯೂ ಒಂದೇ ಆದ್ದರಿಂದ ಇಲ್ಲಿ ಎರಡನ್ನೂ ಪ್ರಸ್ತಾಪಿಸಲಾಗಿದೆ.

ಸೆಮರಾಂಗ್‌ನಿಂದ ಪೂರ್ವಕ್ಕೆ ಹೋಗುವ ಹೆದ್ದಾರಿಯನ್ನು ಅಲ್ಲಿಯವರು ‘ಪಂತುರಾ’ ಎನ್ನುತ್ತಾರೆ. ‘ಉತ್ತರ ಕರಾವಳಿ’ ಎಂಬುದರ ಸಂಕ್ಷಿಪ್ತ ರೂಪ ಅದು. 1808ರಲ್ಲಿ ಜಾವಾಕ್ಕೆ ಬಂದ ಡಚ್ ಗವರ್ನರ್ ಜನರಲ್ ಡಾಂಡೆಲ್ಸ್, ದ್ವೀಪದ ಪಶ್ಚಿಮ ತುದಿಯಿಂದ ಪೂರ್ವಕ್ಕೆ ಸುಮಾರು ಸಾವಿರ ಕಿಲೋಮೀಟರ್ ಉದ್ದ ಹಾಕಿಸಿದ ಅಂಚೆ ರಸ್ತೆಯೂ ದೆಮಾಕ್ ಮೂಲಕವೇ ಸಾಗುತ್ತಿತ್ತು. ಲಾರಿ, ಬಸ್ಸು, ಕಾರ್ಖಾನೆಗಳ ಗದ್ದಲದ ಆ ಹೆದ್ದಾರಿಯಿಂದ ಎಡಕ್ಕೆ ತಿರುಗಿ ಕೆಲವೇ ಕಿಲೋಮೀಟರ್ ಹೋದರೆ ರಸ್ತೆಯ ಎರಡೂ ಬದಿ ನೀರು ಕಾಣುತ್ತದೆ. ಆ ನೀರು ಮೊದಲಿನಿಂದ ಇದ್ದ ಹಿನ್ನೀರಲ್ಲ.

ಊರಿನಲ್ಲಿ ಈಗ ಏನು ಉಳಿದಿದೆ?

ಒಂದೊಂದು ಮಜರೆಯ ಸ್ಥಿತಿ ಒಂದೊಂದು ಬಗೆಯದು. ಹೆದ್ದಾರಿಗೆ ಹತ್ತಿರದ ಭಾಗಗಳಲ್ಲಿ ಮನೆ, ಮಸೀದಿ, ಶಾಲೆ, ಅಂಗಡಿ ಎಲ್ಲವೂ ಇವೆ. ಉಬ್ಬರದ ದಿನಗಳಲ್ಲಿ ಮಾತ್ರ ಅಂಗಳಕ್ಕೆ ನೀರು ಬರುತ್ತದೆ. ಕಡಲಿಗೆ ಹತ್ತಿರವಿದ್ದ ತಂಬಾಕ್‌ಸಾರಿಯ ಬಹುತೇಕ ಕುಟುಂಬಗಳನ್ನು 1999ರ ಸುಮಾರಿಗೂ ರೆಜೊಸಾರಿ ಸೆನಿಕ್‌ನವರನ್ನು 2006ರಲ್ಲೂ ಒಳನಾಡಿಗೆ ಸ್ಥಳಾಂತರಿಸಲಾಯಿತು. ಸೆನಿಕ್ ಈಗ ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಗಳ ಕಾಡು. ಗಿಡಗಳ ನಡುವೆ ಗೋಡೆಯ ತುಂಡುಗಳು ಇಣುಕುತ್ತವೆ, ಬೆಳ್ಳಕ್ಕಿಗಳು ನೂರಾರು ಸಂಖ್ಯೆಯಲ್ಲಿ ಗೂಡು ಕಟ್ಟುತ್ತವೆ. ಎಲ್ಲರೂ ಹೋದ ಮೇಲೂ ಅಲ್ಲೇ ಉಳಿದು, ಕಾಂಡ್ಲಾ ಸಸಿ ನೆಡುತ್ತ ಬಂದ ಒಂದೇ ಒಂದು ಕುಟುಂಬದ ಬಗ್ಗೆ ಇಂಡೊನೇಷ್ಯಾದ ಪತ್ರಿಕೆಗಳು ಸಾಕಷ್ಟು ಬರೆದಿವೆ. ಮೊಂದೊಲಿಕೊದಿಂದ ಜನ ಹೊರಟದ್ದು ಈಚಿನ ವರ್ಷಗಳಲ್ಲಿ.

ಸಮುದ್ರ ಮಟ್ಟ ಏರಿದ್ದರಿಂದಲೇ ಊರು ಮುಳುಗಿತೇ?

ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಜಗತ್ತಿನ ಸರಾಸರಿ ಸಮುದ್ರ ಮಟ್ಟ ಈಗ ವರ್ಷಕ್ಕೆ ಸುಮಾರು 4ರಿಂದ 5 ಮಿಲಿಮೀಟರ್‌ನಂತೆ ಏರುತ್ತಿದೆ. ಸೆಮರಾಂಗ್‌ನ ಉತ್ತರ ಭಾಗದಲ್ಲೂ ಅದಕ್ಕೆ ಹೊಂದಿಕೊಂಡ ದೆಮಾಕ್ ತೀರದಲ್ಲೂ ನೆಲ ಇಳಿಯುತ್ತಿರುವ ವೇಗ, ಕೆಲವೆಡೆ, ವರ್ಷಕ್ಕೆ 10 ಸೆಂಟಿಮೀಟರ್‌ವರೆಗೆ ಇದೆ. ಎಂದರೆ ಕಡಲು ಒಂದು ಬೆರಳಿನಷ್ಟು ಏರಲು ಹಲವು ವರ್ಷ ಬೇಕಾದರೆ, ನೆಲ ಒಂದೇ ವರ್ಷದಲ್ಲಿ ಅಂಗೈ ಅಗಲದಷ್ಟು ಕೆಳಗಿಳಿದಿರುತ್ತದೆ. ಹವಾಮಾನ ಬದಲಾವಣೆ ನಿಜ, ಅದರ ಪಾಲೂ ನಿಜ. ಆದರೆ ಈ ಊರಿನ ಮಟ್ಟಿಗೆ ಮುಖ್ಯ ಕಾರಣ ಕಾಲ ಕೆಳಗಿನ ನೆಲದಲ್ಲಿದೆ.

ನೆಲ ಇಳಿಯಲು ಕಾರಣ ಒಂದಲ್ಲ. ಮೊದಲನೆಯದಾಗಿ, ಈ ತೀರವೇ ನದಿಗಳು ತಂದು ಹಾಕಿದ ಎಳೆಯ ಮೆಕ್ಕಲು ಮಣ್ಣು. ಅಂಥ ಜೇಡಿ ತನ್ನ ಭಾರಕ್ಕೆ ತಾನೇ ಕುಗ್ಗುತ್ತಿರುತ್ತದೆ. ಎರಡನೆಯದಾಗಿ, ಸೆಮರಾಂಗ್ ಬೆಳೆದಂತೆ ಕಾರ್ಖಾನೆ, ಹೋಟೆಲು, ವಸತಿ ಬಡಾವಣೆಗಳು ಆಳದ ಕೊಳವೆಬಾವಿಗಳಿಂದ ಅಂತರ್ಜಲ ಎತ್ತತೊಡಗಿದವು. ಮಣ್ಣಿನ ಕಣಗಳ ನಡುವೆ ಒತ್ತಡ ಹಿಡಿದುಕೊಂಡಿದ್ದ ನೀರು ಹೊರಬಂದಾಗ ಜೇಡಿಯ ಪದರಗಳು ಅಮುಕಿಕೊಳ್ಳುತ್ತವೆ. ಮುಂದೆ ಎಷ್ಟು ಮಳೆ ಸುರಿದರೂ ಒಮ್ಮೆ ಅಮುಕಿಕೊಂಡ ಜೇಡಿ ಮೊದಲಿನಂತೆ ಉಬ್ಬುವುದಿಲ್ಲ. ಮೂರನೆಯದು, ಮೇಲಿನಿಂದ ಹೇರಿದ ಕಟ್ಟಡ ಮತ್ತು ರಸ್ತೆಗಳ ಭಾರ. ಇಲ್ಲೊಂದು ಸಂಕಟವನ್ನೂ ಹೇಳಬೇಕು: ಸುತ್ತ ಉಪ್ಪುನೀರು ತುಂಬಿಕೊಂಡ ಈ ಹಳ್ಳಿಗಳಿಗೆ ಕುಡಿಯುವ ನೀರು ಬರುವುದೂ ಆಳದ ಬಾವಿಗಳಿಂದಲೇ. ಆದರೆ ಮನೆಗಳಿಗೆ ಬೇಕಾಗುವ ಬಿಂದಿಗೆ ನೀರನ್ನೂ ಕೈಗಾರಿಕೆಗಳು ಎತ್ತುವ ನೀರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯವಲ್ಲ.

ಇವುಗಳ ಜೊತೆಗೆ ಸೆಮರಾಂಗ್ ಬದಿಯಲ್ಲಿ ಬಂದರನ್ನು ವಿಸ್ತರಿಸಿದ್ದು ಮತ್ತು ಕಡಲಿಗೆ ಮಣ್ಣು ತುಂಬಿ ಭೂಮಿ ಮಾಡಿದ್ದು ಅಲೆಗಳ ದಿಕ್ಕನ್ನೂ ಮರಳು–ಕೆಸರಿನ ಹರಿವನ್ನೂ ಬದಲಿಸಿದವೆಂದು ಊರಿನ ಹಿರಿಯರು ಹೇಳುತ್ತ ಬಂದಿದ್ದಾರೆ. ದೆಮಾಕ್ ತೀರದಲ್ಲಿ ಕೆಲವೆಡೆ ಕಡಲಂಚು ಮೂರು ಕಿಲೋಮೀಟರ್‌ನಷ್ಟು ಒಳಕ್ಕೆ ಸರಿದಿದೆ.

ಮೊದಲು ಅಲ್ಲಿ ಬೇಸಾಯವಿತ್ತೇ?

ಇತ್ತು. ಈಗ ದೋಣಿ ಓಡಾಡುವ ಜಾಗದಲ್ಲಿ ಭತ್ತ, ಮೆಣಸಿನಕಾಯಿ ಬೆಳೆದಿದ್ದನ್ನೂ ತೆಂಗಿನ ಮರಗಳಿದ್ದುದನ್ನೂ ಹಳಬರು ನೆನೆಯುತ್ತಾರೆ. ಆಮೇಲೆ ಉಪ್ಪುನೀರು ಒಳನುಗ್ಗಿ ಗದ್ದೆಗಳು ಮೀನುಹೊಂಡಗಳಾದವು. ಅಂಥ ಹೊಂಡಕ್ಕೆ ಅಲ್ಲಿ ‘ತಂಬಾಕ್’ ಎಂದು ಹೆಸರು. 1980ರ ದಶಕದಲ್ಲಿ ಹುಲಿಸಿಗಡಿಗೆ ಹೊರದೇಶಗಳಲ್ಲಿ ಒಳ್ಳೆಯ ಬೆಲೆ ಬಂದಾಗ ಜಾವಾದ ಉತ್ತರ ತೀರದುದ್ದಕ್ಕೂ ಕಾಂಡ್ಲಾ ಕಡಿದು ಹೊಂಡ ತೋಡಿದರು. ಕೆಲವು ವರ್ಷ ಕೈತುಂಬ ದುಡ್ಡು ಬಂತು. ಬಳಿಕ ಸಿಗಡಿಗೆ ರೋಗ ಬಂತು, ಅಲೆಯನ್ನು ತಡೆಯುತ್ತಿದ್ದ ಕಾಡೂ ಇಲ್ಲವಾಗಿತ್ತು, ಬದುಗಳು ಒಂದೊಂದಾಗಿ ಕುಸಿದು ಹೊಂಡಗಳೆಲ್ಲ ಕಡಲಿನಲ್ಲಿ ಒಂದಾದವು.

ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳನ್ನು ಬಲ್ಲವರಿಗೆ ಈ ಕಥೆಯ ಮೊದಲ ಅರ್ಧ ಹೊಸದೆನಿಸದು. ಕಗ್ಗ ಭತ್ತ ಬೆಳೆಯುತ್ತಿದ್ದ ಗಜನಿಗಳು ಸಿಗಡಿಗಾಗಿ ಗುತ್ತಿಗೆಗೆ ಹೋದದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಅದೇ ಆಸೆಯಿಂದ.

‘ರೊಬ್’ ಎಂಬ ಪದ ಎಲ್ಲೆಡೆ ಕಾಣುತ್ತದೆ. ಹಾಗೆಂದರೇನು?

ಮಳೆಯಿಂದಲ್ಲದೆ ಕಡಲಿನ ಉಬ್ಬರದಿಂದ ಊರೊಳಗೆ ಬರುವ ನೆರೆಗೆ ಜಾವಾದವರು ಹೇಳುವ ಪದ ಅದು. ಜಾವಾ ಸಮುದ್ರದಲ್ಲಿ ಉಬ್ಬರ–ಇಳಿತದ ಅಂತರ ದೊಡ್ಡದಲ್ಲ, ಸುಮಾರು ಒಂದು ಮೀಟರ್ ಮಾತ್ರ. ಆದರೆ ನೆಲವೇ ಕಡಲಿನ ಮಟ್ಟಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದ ಮೇಲೆ ಗೇಣುದ್ದದ ಉಬ್ಬರವೂ ಅಡುಗೆಮನೆಗೆ ಬರುತ್ತದೆ. ಹುಣ್ಣಿಮೆ–ಅಮಾವಾಸ್ಯೆಗಳ ಆಸುಪಾಸಿನಲ್ಲಿ, ಅದರಲ್ಲೂ ಮೇ–ಜೂನ್ ತಿಂಗಳುಗಳಲ್ಲಿ, ರೊಬ್ ಜೋರು. ಮಳೆ ಇಲ್ಲದ ಉರಿಬಿಸಿಲಿನ ಮಧ್ಯಾಹ್ನ ಮೊಣಕಾಲುದ್ದ ನೀರು ನಿಂತಿರುವುದನ್ನು ಕಂಡು ಹೊರಗಿನವರು ಬೆರಗಾಗುತ್ತಾರೆ. 2022ರ ಮೇ 23ರಂದು ಸೆಮರಾಂಗ್ ಬಂದರಿನ ಬಳಿ ತಡೆಗೋಡೆ ಒಡೆದು, ಕಾರ್ಖಾನೆಗಳಲ್ಲಿದ್ದ ಕಾರ್ಮಿಕರು ಎದೆಮಟ್ಟದ ನೀರಿನಲ್ಲಿ ನಡೆದು ಹೊರಬರಬೇಕಾಯಿತು. ಆ ದಿನ ದೇಶದ ಗಮನ ಇತ್ತ ಹರಿಯಿತು. ಹಳ್ಳಿಗಳಿಗೆ ಅದು ಅಂಥ ಹಲವು ದಿನಗಳಲ್ಲಿ ಒಂದು.

ಅಂಥ ಮನೆಗಳಲ್ಲಿ ಜನ ಹೇಗೆ ಬದುಕುತ್ತಾರೆ?

ನೆಲ ಎತ್ತರಿಸುತ್ತ ಬದುಕುತ್ತಾರೆ. ಮಣ್ಣು ಖರೀದಿಸಿ ತಂದು ಮನೆಯೊಳಗೆ ಸುರಿದು, ತುಳಿದು, ಮೇಲೆ ಸಿಮೆಂಟು ಹಾಕಿದರೆ ಕೆಲವು ವರ್ಷ ನಿಶ್ಚಿಂತೆ. ಮತ್ತೆ ನೀರು ಬಂದರೆ ಮತ್ತೆ ಮಣ್ಣು. ಮಾಡು ಮಾತ್ರ ಇದ್ದಲ್ಲೇ ಇರುವುದರಿಂದ ನೆಲಕ್ಕೂ ಮಾಡಿಗೂ ನಡುವಿನ ಎತ್ತರ ಪ್ರತಿ ಸಲವೂ ಕಡಿಮೆಯಾಗುತ್ತದೆ. ಬಾಗಿಲಿನಲ್ಲಿ ದೊಡ್ಡವರು ತಲೆತಗ್ಗಿಸಿ ನುಗ್ಗಬೇಕು, ಕಿಟಕಿ ಪಾದದ ಮಟ್ಟಕ್ಕೆ ಬಂದಿರುತ್ತದೆ. ಮಾಡನ್ನೂ ಎತ್ತುವಷ್ಟು ದುಡ್ಡಿಲ್ಲದವರು ಮಣ್ಣಿನ ಗೊಡವೆ ಬಿಟ್ಟು ನೀರಿನ ಮೇಲೆ ಹಲಗೆಯ ಅಟ್ಟಣೆ ಹಾಕಿಕೊಳ್ಳುತ್ತಾರೆ. ತಿಂಬುಲ್‌ಸ್ಲೊಕೊದಲ್ಲಿ ಓಣಿಗಳ ಬದಲು ಮರದ ಹಲಗೆಯ ಕಾಲುದಾರಿಗಳಿವೆ. ಅದರ ಮೇಲೆಯೇ ಮಕ್ಕಳು ಶಾಲೆಗೆ ಹೋಗುತ್ತಾರೆ, ಸಾಮಾನು ಬರುತ್ತದೆ, ಮದುವೆ ದಿಬ್ಬಣ ಸಾಗುತ್ತದೆ.

ಸತ್ತವರಿಗೂ ಇದೇ ಪಾಡು. ನೀರು ನಿಂತ ಸ್ಮಶಾನಕ್ಕೆ ಹೊರಗಿನಿಂದ ಮಣ್ಣು ತಂದು ಎತ್ತರಿಸಬೇಕಾಯಿತು. ಆ ಕೆಲಸವನ್ನು ಊರವರು ಮನೆ ಎತ್ತರಿಸುವುದಕ್ಕಿಂತ ಕಡಿಮೆ ಮುಖ್ಯವೆಂದು ಎಣಿಸಲಿಲ್ಲ.

ಹಾಗಿದ್ದೂ ಬಿಟ್ಟು ಹೋಗುವುದಿಲ್ಲವೇಕೆ?

ಕೇಳುವವರ ದನಿಯಲ್ಲಿ ಹಲವು ಸಲ ಸಣ್ಣದೊಂದು ಆಕ್ಷೇಪಣೆ ಇರುತ್ತದೆ. ಹೋಗದಿರುವುದು ಹಟವೋ ಅಜ್ಞಾನವೋ ಎಂಬಂತೆ. ಮೊದಲನೆಯ ಮಾತು, ಬಹಳ ಜನ ಹೋಗಿದ್ದಾರೆ. ಉಳಿದವರಲ್ಲಿ ಮೀನುಗಾರರಿದ್ದಾರೆ, ಕಡಲಿನಿಂದ ದೂರದ ನಿವೇಶನ ಕೊಟ್ಟರೆ ದೋಣಿ ಎಲ್ಲಿ ಕಟ್ಟುವುದು ಎಂಬುದು ಅವರ ಪ್ರಶ್ನೆ. ಹಗಲು ಸೆಮರಾಂಗ್‌ನ ಕಾರ್ಖಾನೆಗಳಲ್ಲಿ ದುಡಿಯುವ ಕಿರಿಯರಿಗೆ ಊರಿನ ಮನೆಗೆ ಬಾಡಿಗೆ ಕೊಡಬೇಕಿಲ್ಲ; ನಗರದಲ್ಲಿ ಅದೇ ಸಂಬಳದಲ್ಲಿ ಬಾಡಿಗೆ ಕಟ್ಟಿ ಬದುಕುವುದು ಕಷ್ಟ. ಮುಳುಗುತ್ತಿರುವ ಮನೆಯನ್ನು ಕೊಳ್ಳುವವರು ಯಾರೂ ಇಲ್ಲದ ಮೇಲೆ, ಬೇರೆ ಕಡೆ ಜಾಗ ಕೊಳ್ಳಲು ಕೈಯಲ್ಲಿ ಏನೂ ಇರುವುದಿಲ್ಲ. ಇದಕ್ಕೂ ಮೇಲೆ ಹಿರಿಯರ ಗೋರಿಗಳಿವೆ. ರಂಜಾನಿಗೆ ಮುಂಚೆ ಗೋರಿಗಳನ್ನು ಶುಚಿಮಾಡಿ ಪ್ರಾರ್ಥಿಸುವ ಪದ್ಧತಿ ಜಾವಾದಲ್ಲಿ ಗಟ್ಟಿಯಾಗಿದೆ.

ಮುಳುಗಿದ ಜಮೀನು ಕಾನೂನಿನ ಪ್ರಕಾರ ಯಾರದು?

ಇಂಡೊನೇಷ್ಯಾದ 1960ರ ಮೂಲ ಭೂ ಕಾಯ್ದೆಯ 27ನೆಯ ಕಲಮಿನ ಪ್ರಕಾರ, ಜಮೀನು ‘ಮುಸ್ನಾ’ ಆದರೆ, ಅಂದರೆ ನಾಶವಾದರೆ, ಅದರ ಮೇಲಿನ ಒಡೆತನದ ಹಕ್ಕೂ ಕೊನೆಗೊಳ್ಳುತ್ತದೆ. ಬರೆದವರ ಮನಸ್ಸಿನಲ್ಲಿ ನದಿ ಕೊರೆದ ದಂಡೆಯೋ ಭೂಕುಸಿತವೋ ಇದ್ದಿರಬಹುದು. ಆದರೆ ಕಲಮಿನ ಬಿಸಿ ತಟ್ಟಿದ್ದು ಇಂಥ ಊರುಗಳಿಗೆ: ಕೈಯಲ್ಲಿ ಸರ್ಕಾರವೇ ಕೊಟ್ಟ ಹಕ್ಕುಪತ್ರವಿದೆ, ಅದರಲ್ಲಿ ಅಳತೆ ಇದೆ, ಚಕ್ಕುಬಂದಿ ಇದೆ, ಜಾಗದಲ್ಲಿ ಮಾತ್ರ ನೀರಿದೆ.

ಸೆಮರಾಂಗ್–ದೆಮಾಕ್ ಟೋಲ್ ರಸ್ತೆಗೆ ಭೂಮಿ ಬೇಕಾದಾಗ ಈ ಪ್ರಶ್ನೆ ಗಂಭೀರವಾಯಿತು. ಬೆದೊನೊ ಸೇರಿದಂತೆ ತೀರದ ಹಲವು ಊರುಗಳ ಮುಳುಗಿದ ಹೊಂಡಗಳ ಮೇಲೆ ರಸ್ತೆ ಹಾಯಬೇಕಿತ್ತು. ಒಣ ಜಮೀನಾಗಿದ್ದರೆ ಮಾರುಕಟ್ಟೆ ದರದ ಪರಿಹಾರ ಸಿಗುತ್ತಿತ್ತು; ‘ನಾಶವಾದ ಭೂಮಿ’ ಎಂದು ಗುರುತಿಸಿದ್ದಕ್ಕೆ ಅಂಥ ಪರಿಹಾರವಿಲ್ಲ. 2022ರ 52ನೆಯ ಅಧ್ಯಕ್ಷೀಯ ನಿಯಮದ ಮೂಲಕ ಇಂಥ ಜಮೀನಿನವರಿಗೆ ಒಂದಿಷ್ಟು ಹಣ ಕೊಡುವ ವ್ಯವಸ್ಥೆಯಾಯಿತು. ಅದಕ್ಕಿಟ್ಟ ಹೆಸರು ಪರಿಹಾರವಲ್ಲ, ‘ಕೆರೊಹಿಮಾನ್’. ಕರುಣೆಯ ಹಣ ಎಂದರ್ಥ. ಹಕ್ಕಿನಿಂದ ಬರಬೇಕಾದುದನ್ನು ಕರುಣೆ ಎಂದು ಕರೆದರೆ ಪಡೆಯುವವರಿಗೆ ಹೇಗನಿಸುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ನೆಲ ನಾಶವಾದದ್ದು ದೈವಲೀಲೆಯಿಂದ ಮಾತ್ರವಲ್ಲ, ಪಕ್ಕದ ನಗರದ ಕೊಳವೆಬಾವಿಗಳಿಂದಲೂ ಎಂಬುದನ್ನು ಈ ಕಲಮು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಕಡಲಿನ ನಡುವೆ ಮುಳುಗದ ಗೋರಿಯೊಂದಿದೆ ಎಂಬುದು ನಿಜವೇ?

ನಿಜ. ತಂಬಾಕ್‌ಸಾರಿಯಲ್ಲಿ ಶೇಖ್ ಅಬ್ದುಲ್ಲಾ ಮುಝಕ್ಕಿರ್ ಎಂಬ ಧಾರ್ಮಿಕ ಗುರುಗಳ ಗೋರಿ ಇದೆ. ಊರು ನೀರಾದ ಮೇಲೂ ಗೋರಿಯಿರುವ ದಿಬ್ಬ ಉಳಿದುಕೊಂಡಿದ್ದರಿಂದ ಯಾತ್ರಿಕರು ಮೊರೊಸಾರಿಯ ಕಡೆಯಿಂದ ಬರುತ್ತಾರೆ. ತೇಲುವ ಗೋರಿ ಎಂದು ಅದಕ್ಕೆ ಅಡ್ಡಹೆಸರು. ಗುರುಗಳ ಮಹಿಮೆಯಿಂದಲೇ ಕಡಲು ಅದನ್ನು ಮುಟ್ಟಿಲ್ಲ ಎಂಬುದು ಭಕ್ತರ ನಂಬಿಕೆ. ಆ ಜಾಗವನ್ನು ಜನ ಬಿಡದೆ ಕಾಪಾಡುತ್ತಿರುವುದೂ ಸುತ್ತಲೂ ಕಾಂಡ್ಲಾ ಬೆಳೆದಿರುವುದೂ ಕಣ್ಣಿಗೆ ಕಾಣುವ ಸಂಗತಿ. ಎರಡು ವಿವರಣೆಗಳಿಗೂ ಜಗಳವೇನಿಲ್ಲ. ನಂಬಿಕೆ ಇಲ್ಲದಿದ್ದರೆ ಆ ಕಾಪಾಡುವಿಕೆಯೂ ಇರುತ್ತಿರಲಿಲ್ಲ.

ಕಾಂಡ್ಲಾ ಗಿಡ ನೆಟ್ಟರೆ ಎಲ್ಲ ಸರಿಹೋಗುವುದಿಲ್ಲವೇ?

ಸಸಿ ನೆಡುವುದು ಎಲ್ಲರಿಗೂ ಇಷ್ಟವಾಗುವ ಕೆಲಸ, ಫೋಟೋಕ್ಕೂ ಒಳ್ಳೆಯದು. ಜಪಾನಿನ ಓಯಿಸ್ಕಾ ಸಂಸ್ಥೆ, ವಿಶ್ವವಿದ್ಯಾಲಯಗಳು, ಕಂಪನಿಗಳು, ಊರಿನ ಸಂಘಗಳು ಬೆದೊನೊದಲ್ಲಿ ಸಸಿ ನೆಟ್ಟಿವೆ. ಸೆನಿಕ್ ಸುತ್ತಲಿನ ದಟ್ಟ ಕಾಡಿನ ಹಿಂದೆ ಅಂಥ ಶ್ರಮವಿದೆ. ಆದರೆ ನೆಟ್ಟದ್ದೆಲ್ಲ ಬದುಕುವುದಿಲ್ಲ. ಕಾಂಡ್ಲಾ ಜಾತಿಯ ಗಿಡಗಳಿಗೆ ದಿನದ ಒಂದಷ್ಟು ಹೊತ್ತು ನೀರಿನಿಂದ ಹೊರಗೆ ಉಸಿರಾಡಲು ಅವಕಾಶ ಬೇಕು. ಸದಾ ಮುಳುಗಿರುವ, ಅಲೆ ನೇರವಾಗಿ ಬಡಿಯುವ ಜಾಗದಲ್ಲಿ ಸಾಲಾಗಿ ಊರಿದ ಸಸಿಗಳು ಮುಂದಿನ ಮಳೆಗಾಲದ ಹೊತ್ತಿಗೆ ಕಾಣೆಯಾಗುತ್ತವೆ. ಊರುಗೋಲು ಬೇರಿನ ಒಂದೇ ಜಾತಿಯನ್ನು ಎಲ್ಲೆಡೆ ನೆಡುವುದೂ ಇನ್ನೊಂದು ತಪ್ಪು. ಹೊಸ ಕೆಸರಿನಲ್ಲಿ ಮೊದಲು ತಾನಾಗಿ ಹುಟ್ಟಿಕೊಳ್ಳುವುದು ಸಾಮಾನ್ಯವಾಗಿ ಪೆನ್ಸಿಲಿನಂತೆ ಬೇರು ನಿಗುರಿಸುವ ಬೇರೆ ಜಾತಿ. ಅಲ್ಲಿಯವರು ಅದನ್ನು ‘ಬ್ರಾಯೊ’ ಎನ್ನುತ್ತಾರೆ, ಅದರ ಕಾಯಿಯನ್ನು ಚೆನ್ನಾಗಿ ಬೇಯಿಸಿ, ಕಹಿ ತೆಗೆದು, ತೆಂಗಿನ ತುರಿ ಬೆರೆಸಿ ತಿನ್ನುತ್ತಾರೆ.

ಹಾಗಾದರೆ ಬಿದಿರಿನ ತಡೆಗಳ ಪ್ರಯೋಗ ಏನಾಯಿತು?

ಗಿಡ ನೆಡುವ ಮೊದಲು ಗಿಡಕ್ಕೆ ನೆಲ ಮಾಡಿಕೊಡಬೇಕೆಂಬುದು ಆ ಪ್ರಯೋಗದ ತಿರುಳು. 2015ರಿಂದ 2021ರವರೆಗೆ ದೆಮಾಕ್‌ನ ಸುಮಾರು 20 ಕಿಲೋಮೀಟರ್ ತೀರದಲ್ಲಿ ಇಂಡೊನೇಷ್ಯಾ ಸರ್ಕಾರ, ವೆಟ್‌ಲ್ಯಾಂಡ್ಸ್ ಇಂಟರ್‌ನ್ಯಾಷನಲ್, ನೆದರ್ಲೆಂಡ್ಸಿನ ಎಂಜಿನಿಯರಿಂಗ್ ಸಂಸ್ಥೆಗಳು ಮತ್ತು ಊರವರು ಸೇರಿ ಇದನ್ನು ನಡೆಸಿದರು. ಎರಡು ಸಾಲು ಬಿದಿರಿನ ಗಳು ನೆಟ್ಟು ನಡುವೆ ಸಣ್ಣಪುಟ್ಟ ಕಟ್ಟಿಗೆ ತುಂಬಿದ ತಡೆಗಳನ್ನು ಕಡಲಂಚಿನಲ್ಲಿ ಕಟ್ಟಲಾಯಿತು. ಕಾಂಕ್ರೀಟು ಗೋಡೆಯಂತೆ ಅದು ಅಲೆಯನ್ನು ಹಿಂದಕ್ಕೆ ಹೊಡೆಯುವುದಿಲ್ಲ. ನೀರು ಸಂದುಗಳಲ್ಲಿ ಹಾದು ಒಳಗೆ ಬರುತ್ತದೆ, ಬರುವಾಗ ಸುಸ್ತಾಗುತ್ತದೆ, ಹೊತ್ತು ತಂದ ಕೆಸರನ್ನು ಅಲ್ಲೇ ಇಳಿಸಿ ಹೋಗುತ್ತದೆ. ಕೆಸರು ಸಾಕಷ್ಟು ಏರಿದರೆ ಬೀಜಗಳು ತಾವಾಗಿ ಬೇರೂರುತ್ತವೆ. ಜೊತೆಗೆ ಹೊಂಡದ ಒಂದು ಭಾಗವನ್ನು ಕಾಂಡ್ಲಾಕ್ಕೆ ಬಿಟ್ಟುಕೊಡುವ, ರಾಸಾಯನಿಕ ತಗ್ಗಿಸುವ ಸಾಕಣೆಯ ಪಾಠಗಳನ್ನು ರೈತರಿಗೆ ಹೊಂಡದ ಬದುವಿನಲ್ಲೇ ಹೇಳಿಕೊಟ್ಟರು. ಅದರಿಂದ ಹಲವರ ಇಳುವರಿ ಹೆಚ್ಚಿತು.

2022ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಇದನ್ನು ಪರಿಸರ ಪುನಶ್ಚೇತನದ ಮೊದಲ ಹತ್ತು ಆದರ್ಶ ಯೋಜನೆಗಳಲ್ಲಿ ಒಂದೆಂದು ಗೌರವಿಸಿತು. ಆ ಗೌರವಕ್ಕೆ ಅದು ಅರ್ಹವೇ. ಆದರೂ ಸೋತ ಜಾಗಗಳನ್ನು ಮುಚ್ಚಿಡಬಾರದು. ಕಟ್ಟಿಗೆಯನ್ನು ಮರಕೊರೆಯುವ ಕಡಲಹುಳುಗಳು ತಿಂದವು. ಆಮೇಲೆ ಕೆಲವೆಡೆ ಕಾಂಕ್ರೀಟು ತುಂಬಿದ ಪಿವಿಸಿ ಕೊಳವೆಗಳನ್ನು ಗಳುಗಳ ಬದಲು ಬಳಸಿದರು. ಅದಕ್ಕಿಂತ ದೊಡ್ಡ ಕಷ್ಟವೆಂದರೆ, ಸೆಮರಾಂಗ್‌ಗೆ ಹತ್ತಿರದ ಭಾಗದಲ್ಲಿ ಕೆಸರು ಕೂಡುವ ವೇಗಕ್ಕಿಂತ ನೆಲ ಇಳಿಯುವ ವೇಗವೇ ಹೆಚ್ಚಾಗಿತ್ತು. ಅಂತರ್ಜಲ ಎತ್ತುವುದು ನಿಲ್ಲದೆ ತೀರದ ಯಾವ ಕೆಲಸವೂ ಗಟ್ಟಿಯಾಗಿ ನಿಲ್ಲದೆಂಬುದನ್ನು ಯೋಜನೆ ನಡೆಸಿದವರೇ ಒಪ್ಪಿದ್ದಾರೆ.

ಕಡಲ ಗೋಡೆ ಕಟ್ಟುತ್ತಿದ್ದಾರಲ್ಲ, ಅದರಿಂದ ಊರು ಉಳಿಯುತ್ತದೆಯೇ?

ಸುಮಾರು 27 ಕಿಲೋಮೀಟರ್ ಉದ್ದದ ಸೆಮರಾಂಗ್–ದೆಮಾಕ್ ಟೋಲ್ ರಸ್ತೆಯಲ್ಲಿ ಎರಡು ಭಾಗಗಳಿವೆ. ಸಯುಂಗ್‌ನಿಂದ ದೆಮಾಕ್‌ವರೆಗಿನ 16 ಕಿಲೋಮೀಟರ್ ಚಿಲ್ಲರೆಯ ಭಾಗ 2023ರಲ್ಲಿ ಸಂಚಾರಕ್ಕೆ ತೆರೆಯಿತು. ಸೆಮರಾಂಗ್ ಕಡೆಯ 10 ಕಿಲೋಮೀಟರ್ ಚಿಲ್ಲರೆಯ ಭಾಗ ರಸ್ತೆಯೂ ಹೌದು, ಕಡಲ ಒಡ್ಡೂ ಹೌದು. ಅದರ ಅಡಿಪಾಯಕ್ಕೆ ಮೆತ್ತನೆಯ ಕೆಸರಿನ ಮೇಲೆ ಪದರ ಪದರವಾಗಿ ಬಿದಿರಿನ ಹಾಸು ಹಾಸಿದ್ದಾರೆ. ಒಡ್ಡಿನ ಒಳಗೆ ಸೇರಿದ ನೀರನ್ನು ಕೊಳಗಳಲ್ಲಿ ಹಿಡಿದು ಪಂಪುಗಳಿಂದ ಕಡಲಿಗೆ ಎತ್ತಿಹಾಕಬೇಕು.

ಒಡ್ಡಿನ ಒಳಗೆ ಬರುವ ಬಡಾವಣೆ, ಕಾರ್ಖಾನೆ, ಹೆದ್ದಾರಿಗಳಿಗೆ ಇದರಿಂದ ಅನುಕೂಲವಿದೆ. ಹೊರಗೆ ಉಳಿಯುವ ಮನೆಗಳ ಪ್ರಶ್ನೆ ಬೇರೆ. ಗೋಡೆಗೆ ಬಡಿದು ತಿರುಗುವ ಅಲೆ ಎತ್ತ ಹೋದೀತು ಎಂದು ತೀರದ ಜನ ಕೇಳುತ್ತಿದ್ದಾರೆ, ಅದು ಅವಿವೇಕದ ಪ್ರಶ್ನೆಯಲ್ಲ. ಅಧ್ಯಕ್ಷ ಪ್ರಬೊವೊ ಸುಬಿಯಾಂತೊ 2025ರಲ್ಲಿ, ಪಶ್ಚಿಮದ ಬಾಂತೆನ್‌ನಿಂದ ಪೂರ್ವದ ಗ್ರೆಸಿಕ್‌ವರೆಗೆ ಸುಮಾರು 500 ಕಿಲೋಮೀಟರ್ ಉದ್ದದ ಮಹಾಗೋಡೆಯ ಯೋಜನೆಗೆ 8,000 ಕೋಟಿ ಡಾಲರ್ ಅಂದಾಜು ಹೇಳಿದರು. ಮೊತ್ತ ಎಷ್ಟೇ ಇರಲಿ, ಗೋಡೆ ಕಡಲನ್ನು ತಡೆಯಬಹುದೇ ಹೊರತು ಕೆಳಗಿಳಿಯುವ ನೆಲವನ್ನು ಹಿಡಿದು ನಿಲ್ಲಿಸಲಾರದು. ನಗರಕ್ಕೆ ನದಿ–ಜಲಾಶಯಗಳ ನೀರನ್ನು ಕೊಳವೆಯಲ್ಲಿ ತಂದುಕೊಟ್ಟು ಕೊಳವೆಬಾವಿಗಳನ್ನು ಮುಚ್ಚಿಸುವ ಕೆಲಸಕ್ಕೆ ಗೋಡೆಯಷ್ಟು ಮೆರುಗಿಲ್ಲ. ಈ ಬರೆಹದ ಅಭಿಪ್ರಾಯದಲ್ಲಿ ಮೊದಲು ಆಗಬೇಕಾದದ್ದು ಅದೇ.

ಜನರ ದುಡಿಮೆ ಯಾವುದು?

ಮೀನು, ಸಿಗಡಿ, ಏಡಿ, ನೀಲಿಕಲ್ಲು ಎಂಬ ಹಸಿರು ಚಿಪ್ಪಿನ ಜೀವಿ. ಅದರ ಜೊತೆಗೆ ಕಾರ್ಖಾನೆ ಕೆಲಸ. ಹೊಂಡದ ಮುಖ್ಯ ಮೀನು ‘ಬಂದೆಂಗ್’. ನಮ್ಮ ಕರಾವಳಿಯವರು ಹೂಮೀನು ಎನ್ನುವುದು ಇದನ್ನೇ. ಸಣ್ಣ ಸಿಗಡಿಯನ್ನು ಉಪ್ಪು ಬೆರೆಸಿ ಕುಟ್ಟಿ ಒಣಗಿಸಿ ‘ತೆರಾಸಿ’ ಮಾಡುತ್ತಾರೆ.

ದೆಮಾಕ್ ಒಂದು ಕಾಲದಲ್ಲಿ ರಾಜ್ಯವಾಗಿತ್ತಂತೆ?

ಹೌದು. ಹದಿನೈದನೆಯ ಶತಮಾನದ ಕೊನೆಯಲ್ಲಿ ರಾದೆನ್ ಪತಾ ಸ್ಥಾಪಿಸಿದ ದೆಮಾಕ್, ಜಾವಾದ ಮೊದಲ ಮುಸ್ಲಿಂ ಸುಲ್ತಾನರ ರಾಜ್ಯವೆಂದು ಹೆಸರಾಗಿದೆ. ಅಲ್ಲಿನ ಮಹಾಮಸೀದಿಗೆ ಗುಮ್ಮಟವಿಲ್ಲ, ಮೂರು ಅಂತಸ್ತಿನ ಇಳಿಜಾರು ಮಾಡು ಇದೆ. ಒಳಗಿನ ಮುಖ್ಯ ಕಂಬಗಳಲ್ಲಿ ಒಂದನ್ನು ಸಂತ ಸುನನ್ ಕಲಿಜಗ ಮರದ ಚಕ್ಕೆಗಳನ್ನೇ ಜೋಡಿಸಿ ಮಾಡಿದರೆಂದು ಪ್ರತೀತಿ.

ಊರಿನ ಕಥೆಗೆ ಇದರ ಸಂಬಂಧ ಭೂಗೋಳದಲ್ಲಿದೆ. ಆ ಕಾಲದಲ್ಲಿ ಮುರಿಯಾ ಪರ್ವತ ಜಾವಾದಿಂದ ಬೇರೆಯಾಗಿತ್ತು. ನಡುವೆ ಹಡಗು ಹೋಗುವಷ್ಟು ಜಲಸಂಧಿ ಇತ್ತು, ಅದರ ದಡದ ಬಂದರಾಗಿ ದೆಮಾಕ್ ಬೆಳೆಯಿತು. ಮುಂದಿನ ಶತಮಾನಗಳಲ್ಲಿ ನದಿಗಳ ಹೂಳು ತುಂಬಿ ಜಲಸಂಧಿ ಗದ್ದೆಯಾಯಿತು, ಬಂದರು ಒಳನಾಡಿನ ಪಟ್ಟಣವಾಯಿತು. ಅಂದು ನೆಲ ಬೆಳೆದದ್ದಕ್ಕೆ ರಾಜಧಾನಿ ಕಡಲನ್ನು ಕಳೆದುಕೊಂಡಿತು. ಇಂದು ಅದೇ ಎಳೆಯ ಹೂಳಿನ ನೆಲ ಇಳಿದು ಹಳ್ಳಿಗಳು ಕಡಲಿಗೆ ಸಿಕ್ಕಿವೆ.

ಹೋಗುವುದು ಹೇಗೆ, ಯಾವಾಗ?

ಭಾರತೀಯರಿಗೆ ಇಂಡೊನೇಷ್ಯಾದಲ್ಲಿ ಇಳಿದ ಮೇಲೆ ಸಿಗುವ 30 ದಿನಗಳ ವೀಸಾಕ್ಕೆ 5 ಲಕ್ಷ ರುಪಿಯಾ ಶುಲ್ಕವಿದೆ. ನಿಯಮಗಳು ಬದಲಾಗುವುದರಿಂದ ಹೊರಡುವ ಮೊದಲು ವಿಚಾರಿಸಬೇಕು. ಬೆಂಗಳೂರಿನಿಂದ ನೇರ ವಿಮಾನ ಆರಂಭವಾದದ್ದು ಬಾಲಿಗೆ. ಜಕಾರ್ತಾದ ಗಂಬೀರ್ ನಿಲ್ದಾಣದಿಂದ ಸೆಮರಾಂಗ್‌ನ ತವಾಂಗ್ ನಿಲ್ದಾಣಕ್ಕೆ ಐದಾರು ಗಂಟೆಯ ರೈಲು ಪ್ರಯಾಣ ಸುಖಕರ. ಇಂಡೊನೇಷ್ಯಾದ ಮೊದಲ ರೈಲು 1867ರಲ್ಲಿ ಓಡಿದ್ದೂ ಸೆಮರಾಂಗ್‌ನಿಂದಲೇ. ಅಲ್ಲಿಂದ ಮುಂದೆ ಟ್ಯಾಕ್ಸಿ ಅಥವಾ ಬಾಡಿಗೆ ಬೈಕು. ಸಯುಂಗ್ ಬಳಿ ಹೆದ್ದಾರಿ ಸದಾ ದಟ್ಟಣೆಯದು, ರೊಬ್ ಬಂದ ದಿನ ಅಂತೂ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ.

ಡಿಸೆಂಬರಿನಿಂದ ಫೆಬ್ರುವರಿವರೆಗೆ ಪಶ್ಚಿಮದ ಗಾಳಿ, ಮಳೆ, ದೊಡ್ಡ ಅಲೆಗಳ ಕಾಲ, ದೋಣಿಗೆ ಒಳ್ಳೆಯದಲ್ಲ. ಜುಲೈಯಿಂದ ಸೆಪ್ಟೆಂಬರ್ ಅನುಕೂಲ. ಉಬ್ಬರದ ವೇಳೆ ಕೇಳಿಕೊಂಡೇ ಹೊರಡಬೇಕು.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ತೆಂಪೆ ಮತ್ತು ತಾಹು, ಅಂದರೆ ಸೋಯಾ ಕಾಳಿನ ಹುದುಗು ಬಿಲ್ಲೆ ಮತ್ತು ಸೋಯಾ ಗಿಣ್ಣು, ಎಲ್ಲೆಡೆ ಸಿಗುತ್ತವೆ. ಬೇಯಿಸಿದ ಸೊಪ್ಪಿಗೆ ಮಸಾಲೆ ತೆಂಗಿನ ತುರಿ ಕಲಸಿದ ‘ಉರಾಪ್’ ನಮ್ಮ ಪಲ್ಯದ ಹತ್ತಿರದ ನೆಂಟ. ಆದರೆ ಚಟ್ನಿ, ಸಾರುಗಳಲ್ಲಿ ಮೇಲೆ ಹೇಳಿದ ತೆರಾಸಿ ಸದ್ದಿಲ್ಲದೆ ಸೇರಿರುತ್ತದೆ. ‘ತನ್ಪಾ ತೆರಾಸಿ’, ತೆರಾಸಿ ಬೇಡ, ಎಂದು ಮೊದಲೇ ಹೇಳಬೇಕು. ಮೀನು ತಿನ್ನುವವರು ಸೆಮರಾಂಗ್‌ನ ‘ಬಂದೆಂಗ್ ಪ್ರೆಸ್ತೊ’ ಬಿಡಬಾರದು. ಮುಳ್ಳು ವಿಪರೀತವಿರುವ ಹೂಮೀನನ್ನು ಒತ್ತಡದ ಹಬೆಯಲ್ಲಿ ಮುಳ್ಳೂ ಮೆತ್ತಗಾಗುವಂತೆ ಬೇಯಿಸಿ ಕರಿಯುತ್ತಾರೆ. ಕಳಲೆ ತುಂಬಿದ ‘ಲುಂಪಿಯಾ’ ಸುರುಳಿಯೂ ಅದೇ ನಗರದ ಹೆಮ್ಮೆ. ದೆಮಾಕ್‌ನ ದಾರೆಹುಳಿ ಹಣ್ಣು ಸಿಹಿಗೆ ಹೆಸರಾಗಿದೆ.

ಫೋಟೋ ತೆಗೆಯಬಹುದೇ? ಹೇಗೆ ನಡೆದುಕೊಳ್ಳಬೇಕು?

ತೆಗೆಯಬಹುದು, ಕೇಳಿ ತೆಗೆಯಬೇಕು. ನೀರು ನಿಂತ ನಡುಮನೆ ನೋಡುವವರಿಗೆ ಅಪರೂಪದ ದೃಶ್ಯವಾದರೂ ಅದು ಒಬ್ಬರ ಮಲಗುವ ಜಾಗ. ಗೋರಿಗೆ ಹೋಗುವವರು ಮೈತುಂಬ ಬಟ್ಟೆ ಉಡಬೇಕು, ಹೆಂಗಸರು ತಲೆಗೆ ವಸ್ತ್ರ ಹಾಕಿಕೊಳ್ಳಬೇಕು. ಹಲಗೆಯ ದಾರಿಯಲ್ಲಿ ಎದುರಿಂದ ಹೊರೆ ಹೊತ್ತವರು ಬಂದರೆ ದಾರಿ ಬಿಡುವುದು ಬಂದವರ ಕೆಲಸ. ದೋಣಿ, ಚಹಾ, ಊಟಕ್ಕೆ ಊರವರಿಗೇ ದುಡ್ಡು ಕೊಟ್ಟರೆ ಒಳ್ಳೆಯದು. ಮಕ್ಕಳ ಕೈಗೆ ನೋಟು ತುರುಕುವುದು ಬೇಡ.

ಭಾಷೆಯ ತೊಂದರೆ ಆಗುತ್ತದೆಯೇ?

ಮನೆಯಲ್ಲಿ ಜಾವಾ ಭಾಷೆ, ಶಾಲೆ–ಕಚೇರಿಗಳಲ್ಲಿ ಇಂಡೊನೇಷ್ಯಾ ಭಾಷೆ. ಇಂಗ್ಲಿಷ್ ಬಲ್ಲವರು ಕಡಿಮೆ. ಕನ್ನಡಿಗರ ಕಿವಿಗೆ ಪರಿಚಿತವಾದ ಸಂಸ್ಕೃತ ಮೂಲದ ಪದಗಳು ಆಗಾಗ ಬೀಳುತ್ತವೆ: ಹಳ್ಳಿಗೆ ‘ದೇಸ’, ಜಾವಾ ಭಾಷೆಯಲ್ಲಿ ಕಡಲಿಗೆ ‘ಸೆಗಾರ’, ಹಣಕ್ಕೆ ‘ರುಪಿಯಾ’. ಹಿರಿಯರೊಡನೆ ಮಾತಾಡಲು ಜಾವಾದಲ್ಲಿ ಬೇರೆಯದೇ ಗೌರವದ ಪದಕೋಶವಿದೆ, ಅದನ್ನು ಕಲಿಯಲು ವರ್ಷಗಳು ಬೇಕು. ಗಂಡಸರನ್ನು ‘ಪಾಕ್’, ಹೆಂಗಸರನ್ನು ‘ಬು’ ಎಂದು ಕರೆದರೆ ಸದ್ಯಕ್ಕೆ ಸಾಕು. ದಾರಿಯಲ್ಲಿ ಯಾರನ್ನಾದರೂ ದಾಟಿ ಹೋಗುವಾಗ ಸ್ವಲ್ಪ ಬಾಗಿ ‘ಮೊಂಗ್ಗೊ’ ಎನ್ನಬೇಕು, ದೋಣಿಯಿಂದ ಇಳಿಯುವಾಗ ‘ಮಾತುರ್ ನುವುನ್’ ಎಂದರೆ ಧನ್ಯವಾದ. ಅದಕ್ಕೆ ದೋಣಿಯವರು ‘ಸಾಮಿ-ಸಾಮಿ’ ಎನ್ನುತ್ತಾರೆ, ನಿಮಗೂ ಅಷ್ಟೇ ಎಂದು.